ತುಕ್ಕಾಸುರನ ಒಳಗಿನ ಮುಖ

ನಮ್ಮ ಭಾವ ನಲ್ಲಿ, ಸಿಂಕು, ಕಮೋಡುಗಳ ಶೋರೂಮಿನಲ್ಲಿ ಮ್ಯಾನೇಜರು. ಹಾಗೆಂದು ಯಾರಾದರೂ ಪರಿಚಯ ಮಾಡಿಸಿದರೆ ಮಾತ್ರ ಅವರ ಮುಖ ಹುಳ್ಳಗಾಗುತ್ತದೆ. ಅವರನ್ನು ‘ಸಂಗ್ರಾಹಕ’ ಎನ್ನಬೇಕು. ಸಂಗ್ರಹವೆಂದರೆ ಹಳೆಯ ಟೀವಿ ಧಾರಾವಾಹಿಗಳ ಬೊಂಬೆಗಳು. ಮಲಗುವ ಕೋಣೆಯ ಮೂರು ಗೋಡೆಗೂ ಗಾಜಿನ ಕಪಾಟು ಹೊಡೆಸಿದ್ದಾರೆ. ಅಕ್ಕನ ಬಟ್ಟೆಬರೆ ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿ. ನಾನು ಈ ಮನುಷ್ಯನಿಗೆ ಬಹುವಚನ ಕೊಡುವುದು ಅಕ್ಕನ ಮುಖ ನೋಡಿಕೊಂಡು, ಅಷ್ಟೇ.

ಕಪಾಟುಗಳ ನಟ್ಟನಡುವೆ ತನಗೊಬ್ಬನಿಗೇ ಒಂದು ಬಲ್ಬು ಹಾಕಿಸಿಕೊಂಡು ನಿಂತಿದ್ದವನು ತುಕ್ಕಾಸುರ. ನಾವು ಚಿಕ್ಕವರಿದ್ದಾಗ ಬರುತ್ತಿದ್ದ ಮಕ್ಕಳ ಧಾರಾವಾಹಿಯೊಂದರ ಖಳ. ಮೈಗೆಲ್ಲ ತುಕ್ಕು ಹಿಡಿದ ತಗಡು, ತಲೆಗೆ ಬಕೆಟ್ಟು ಕವುಚಿದಂಥ ಮುಖವಾಡ, ಮುಟ್ಟಿದ್ದೆಲ್ಲ ತುಕ್ಕು. ಧಾರಾವಾಹಿ ಬೇಗನೇ ನಿಂತುಹೋಯಿತು, ಅದರ ಬೊಂಬೆಯನ್ನು ಯಾವ ಕಂಪನಿಯೂ ಮಾಡಲಿಲ್ಲ. ಆದರೂ ಗೇಣುದ್ದದ, ಕೈಯಲ್ಲೇ ಮಾಡಿದ ತುಕ್ಕಾಸುರರು ಅಲ್ಲೊಂದು ಇಲ್ಲೊಂದು ಗುಜರಿ ಅಂಗಡಿಗಳಲ್ಲಿ ಸಿಗುತ್ತಿದ್ದರು. ಬಕೆಟ್ಟನ್ನು ಎತ್ತಿದರೆ ಒಳಗೆ ಹೆಬ್ಬೆರಳ ಗಾತ್ರದ ಒಂದು ಮನುಷ್ಯಮುಖ. ಬಾಯಿತುಂಬ ನಗು, ಗುಲಾಬಿ ವಸಡು, ಒಂದರ ಮೇಲೊಂದು ಹತ್ತಿ ಕೂತ ಎರಡು ಮುಂಬಲ್ಲು. ಟೀವಿಯಲ್ಲಿ ತುಕ್ಕಾಸುರ ಮುಖವಾಡ ತೆಗೆದವನೇ ಅಲ್ಲ. ಹಾಗಾದರೆ ಇದು ಯಾರ ಮುಖ? ಮಾಡಿದವರು ಯಾರು?

ಯಾರಿಗೂ ಗೊತ್ತಿಲ್ಲದಿದ್ದುದೇ ಆ ಬೊಂಬೆಯ ಹೆಚ್ಚುಗಾರಿಕೆ. ಭಾವನಂಥ ನಡುವಯಸ್ಸಿನ ಗಂಡಸರು ಕೆಲವರು ಇದಕ್ಕಾಗಿಯೇ ಒಂದು ಸಂಘ ಕಟ್ಟಿಕೊಂಡಿದ್ದರು. ಅಲ್ಲಿ ಹೊಟ್ಟೆ ಒಳಗೆಳೆದುಕೊಂಡು ಫೋಟೋಕ್ಕೆ ನಿಲ್ಲುವುದು, ಆಮೇಲೆ ತುಕ್ಕಾಸುರನ ಬಗ್ಗೆ ಬೊಗಳೆ ಬಿಡುವುದು. ಭಾವ ಎಲ್ಲರಿಗಿಂತ ಒಂದು ಕೈ ಮೇಲು. ಅವರ ಪ್ರಕಾರ ಇದು ಬೇಕೆಂದೇ ಅಜ್ಞಾತನಾಗಿ ಉಳಿದ ಮಹಾಶಿಲ್ಪಿಯೊಬ್ಬನ ಕೆಲಸ. ಆ ನಗು ಇಡೀ ನಾಗರಿಕತೆಯ ಅಣಕ. ಇದನ್ನೇ ಜಗ್ಗಿ ಜಗ್ಗಿ ಲೇಖನ ಮಾಡಿದರು. ಟೈಪು ಮಾಡಿ ಬೆನ್ನು ನೋಯಿಸಿಕೊಂಡವಳು ಅಕ್ಕ.

ನಾನು ಹಲ್ಲಿನ ಕ್ಲಿನಿಕ್ಕೊಂದರ ಬಾಗಿಲ ಬಳಿ ಕೂತು ರೋಗಿಗಳನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸುವವಳು. ಒಮ್ಮೆ ಅಕ್ಕನ ಮನೆಗೆ ಹೋಗಿದ್ದಾಗ ಭಾವ ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು, ನನ್ನೆದುರು ಬಕೆಟ್ಟು ಎತ್ತಿದರು. ನಾನು ಬಗ್ಗಿ ನೋಡಿದೆ.

“ಭಾವ, ಇದು ಹಲ್ಲಿನ ಸೆಟ್ಟಿನ ಮಾಲು.”

“ಏನಂದೆ?”

“ಕಟ್ಟುಹಲ್ಲು ಮಾಡ್ತಾರಲ್ಲ, ಅದು. ದಿನಾ ನೋಡ್ತೀನಿ.”

“ನಿಂಗೇನಮ್ಮ ಗೊತ್ತು ಕಲೆ ಅಂದ್ರೆ?”

“ಕಲೆ ಗೊತ್ತಿಲ್ಲ. ವಸಡು ಗೊತ್ತು.”

ಅವರು ನಕ್ಕುಬಿಟ್ಟರು. ಆದರೆ ತಡೆಯಲಾರದೆ ಮರುದಿನವೇ ಬೊಂಬೆಯ ಫೋಟೋ ಕಳಿಸಿ, ಡಾಕ್ಟರಿಗೆ ತೋರಿಸು ಅಂದರು. ನಮ್ಮ ಡಾಕ್ಟರು ಆ ಎರಡು ಹಲ್ಲು ನೋಡಿದ್ದೇ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ, ಇವರು ನಮ್ಮಪ್ಪನ ಕಾಲದಲ್ಲಿ ಈ ಕ್ಲಿನಿಕ್ಕಿಗೆ ಹಲ್ಲಿನ ಸೆಟ್ಟು ಮಾಡಿಕೊಡ್ತಿದ್ದ ಹೆಂಗಸಿನ ಗಂಡ ಕಣಮ್ಮ!” ಎಂದು ಮನೆಯ ಗುರುತು ಹೇಳಿದರು.

ಬೊಂಬೆ ಹಿಡಿದುಕೊಂಡು ಭಾವ, ಜೊತೆಗೆ ನಾನು, ಇಬ್ಬರೂ ಹೋದೆವು. ಮನೆ ಟೈರಂಗಡಿಯ ಮೇಲೆ, ಎರಡು ಕೋಣೆ. ಮೆಟ್ಟಿಲವರೆಗೂ ರಬ್ಬರಿನ ವಾಸನೆ. ಬಾಗಿಲು ತೆಗೆದ ಮುದುಕಿ ಬೊಂಬೆಯನ್ನು ನೋಡಿ ಹಣೆ ಚಚ್ಚಿಕೊಂಡಳು.

“ಇದಿನ್ನೂ ಇದೆಯಾ?”

ಭಾವ ಗಂಟಲು ಸರಿಮಾಡಿಕೊಂಡರು. “ಅಮ್ಮಾ, ಇದನ್ನ ಮಾಡಿದ ಕಲಾವಿದರು...”

“ನಾನೇ. ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅದರ ಕಾಲು ಮುರಿದಿದೆ.”

ಸಂಗತಿ ಇಷ್ಟೇ. ಆಕೆಯ ಗಂಡ ತುಕ್ಕಾಸುರನ ತಗಡಿನೊಳಗೆ ಹೊಕ್ಕು ಕುಣಿಯುತ್ತಿದ್ದವನು. ದನಿ ಬೇರೆಯವರದು, ಮುಖ ಯಾರಿಗೂ ಕಾಣಿಸದು, ಹೆಸರನ್ನೂ ಯಾರೂ ಹಾಕಲಿಲ್ಲ. ‘ನಾನೇ ಅವನು’ ಎಂದು ಎದೆ ತಟ್ಟಿಕೊಂಡರೆ ಬೀದಿಯವರು ಹಲ್ಲು ಕಿಸಿದರು.

“ನನ್ನ ಮುಖ ಒಳಗಿಟ್ಟು ಬೊಂಬೆ ಮಾಡ್ಕೊಡು ಅಂತ ಪ್ರಾಣ ತಿಂದ,” ಅಂದಳು ಮುದುಕಿ. “ಸೆಟ್ಟು ಮಾಡಿ ಉಳಿದ ಮಾಲಲ್ಲಿ ಮಾಡಿಕೊಟ್ಟೆ. ಪಾತ್ರ ಕೊಡಿ ಅಂತ ಹೋದಲ್ಲೆಲ್ಲ ಒಂದೊಂದು ಇಟ್ಟು ಬಂದ. ಇವನ ಮೋರೆ ಮನೇಲಿ ಯಾರು ಇಟ್ಕೋತಾರೆ? ಗುಜರಿಗೆ ಹಾಕಿದ್ರು.”

ಭಾವ ಬಿಡಲಿಲ್ಲ. “ಆದ್ರೂ ಅಮ್ಮಾ, ಆ ನಗು... ಅದರಲ್ಲಿ ನಾಗರಿಕತೆಯ ಒಂದು ಅಣಕ...”

“ಯಾವ ನಾಗರಿಕತೇರೀ? ಇವನು ನಗೋದೇ ಹಂಗೆ. ಏಯ್, ಬಾಯಿ ಬಿಡು!”

ಒಳಕೋಣೆಯ ಟೀವಿಯೆದುರು ಕೂತಿದ್ದ ಮುದುಕ ಇತ್ತ ತಿರುಗಿ ಕಿಸಿದ. ಒಂದರ ಮೇಲೊಂದು ಹತ್ತಿ ಕೂತ ಅವೇ ಎರಡು ಹಲ್ಲು. “ಯಾರು? ಪಾತ್ರಕ್ಕೆ ಕರೆಯೋಕೆ ಬಂದ್ರಾ?” ಎಂದ.

ವಾಪಸು ಬರುವಾಗ ಕಾರಿನಲ್ಲಿ ಭಾವ ಹೇಳಿದರು: “ಇದು ಹೊರಗೆ ಹೋಗೋದು ಬೇಡ. ಸಂಶೋಧನೆಗೆ ಒಂದು ಘನತೆ ಅಂತ ಇರತ್ತೆ.” ಮುಂದಿನ ವಾರ ಸಂಘದ ಪ್ರದರ್ಶನವಿತ್ತು. ಶಿಲ್ಪಿ ‘ಅಜ್ಞಾತ’ ಎಂದೇ ಫಲಕ ಬರೆಸಿದರು. ಹಾಳಾದ್ದು, ಒಂದಿಷ್ಟು ನಾಚಿಕೆಯಾದರೂ ಬೇಡವೇ?

ನಾನು ಅಕ್ಕನಿಗೆ ಎಲ್ಲ ಒದರಿದೆ. ಅವಳು ಜಗಳವಾಡಲಿಲ್ಲ. ಮುದುಕಿಯ ನಂಬರು ಇಸಿದುಕೊಂಡು ಫೋನು ಮಾಡಿ, ಗಂಡಹೆಂಡಿರನ್ನು ಪ್ರದರ್ಶನಕ್ಕೆ ಕರೆದಳು. ಮದುವೆಯಾದಾಗಿನಿಂದ ಅವಳು ಗಂಡನನ್ನು ಕೇಳದೆ ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಅಂದು ಭಾವ ವೇದಿಕೆ ಮೇಲೆ ಕಣ್ಣು ಅರೆಮುಚ್ಚಿ, “ಆ ಕೈಗಳು ಯಾರವು? ಬಹುಶಃ ನಮಗೆಂದೂ ತಿಳಿಯುವುದಿಲ್ಲ...” ಎನ್ನುತ್ತಿದ್ದಂತೆ ಸಭೆಯ ನಡುವಿನಿಂದ ಮುದುಕ ಎದ್ದ.

“ತಿಳಿಯಲ್ಲ ಅಂದ್ರೆ ಏನ್ರೀ? ಮನೆಗೆ ಬಂದು ಚಹಾ ಕುಡಿದು ಹೋಗಿದ್ದೀರಿ!”

ನೇರ ಮೇಲೆ ಹತ್ತಿ ಮೈಕು ಕಿತ್ತುಕೊಂಡ, ಬಕೆಟ್ಟು ಎತ್ತಿದ, ಬೊಂಬೆಯ ಪಕ್ಕ ಬಾಯಿ ತೆರೆದು ನಿಂತ. ಸಂಘದವರು ಒಬ್ಬೊಬ್ಬರಾಗಿ ಬಂದು ಅವನ ಬಾಯೊಳಗೆ ಇಣುಕಿದರು. ಭಾವನ ಮುಖದಲ್ಲಿ ರಕ್ತವಿರಲಿಲ್ಲ. ನಾನು ಕಣ್ಣುತುಂಬ ನೋಡಿದೆ.

ಮುದುಕನೂ ಕಡಿಮೆಯೇನಿಲ್ಲ. ಸಿಕ್ಕಿದ ಮೈಕು ಬಿಡಲಿಲ್ಲ. ತಗಡಿನೊಳಗಿನ ಸೆಕೆ, ತಾನು ಜಾರಿ ಬಿದ್ದದ್ದು, ತನ್ನಂಥ ನಟನನ್ನು ಲೋಕ ತುಳಿದದ್ದು. ಜನ ಆಕಳಿಸಿದರೂ ನಿಲ್ಲಿಸಲಿಲ್ಲ. ಬೊಂಬೆ ಮಾಡಿದವಳ ಮಾತನ್ನೇ ಎತ್ತಲಿಲ್ಲ. ಅವಳು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದಳು.

“ಇವರ ಮೇಲೆ ಅಷ್ಟು ಬೇಜಾರಿದ್ರೆ ಹಲ್ಲು ಅಷ್ಟು ಚೆಂದ ಯಾಕೆ ಮಾಡಿದ್ರಿ?” ಎಂದೆ.

“ಕೆಟ್ಟದಾಗಿ ಮಾಡೋಕೆ ಕೈ ಬರಲ್ಲ,” ಅಂದಳು. “ಆಗ ತಗಡು ಕಳಚಿ ಮನೆಗೆ ಬಂದ್ರೆ ಮುಖವೆಲ್ಲ ಬೆವರುಸಾಲೆ. ಪಾಪ ಅನ್ನಿಸ್ತಿತ್ತು. ಆಮೇಲೆ ಬಾಯಿ ತೆಗೀತಿದ್ದ, ಪಾಪ ಹೋಗ್ತಿತ್ತು.”

ಗುಟ್ಟು ರಟ್ಟಾದ ಮೇಲೆ ಸಂಘದ ಮಹಾಶಯರಿಗೆ ತುಕ್ಕಾಸುರ ಬೇಡವಾದ. ಯಾವುದೋ ಹೆಂಗಸು ಹಲ್ಲಿನ ಮಾಲಿನಲ್ಲಿ ಮಾಡಿದ್ದಂತೆ, ಥೂ! ಎಲ್ಲರೂ ಮತ್ತೊಂದು ಒಡಕು ಬೊಂಬೆಯ ಹಿಂದೆ ಬಿದ್ದರು. ಭಾವ ಕೆಲವು ದಿನ ತಲೆ ತಗ್ಗಿಸಿಕೊಂಡು ಓಡಾಡಿ, ಆಮೇಲೆ ಲೋಕಕ್ಕೆ ಸತ್ಯ ತೋರಿಸಿದವರು ತಾವೇ ಎನ್ನತೊಡಗಿದರು. ಒಂದು ದಿನ ಬೊಂಬೆ ಹೊತ್ತು ಟೈರಂಗಡಿಯ ಮೇಲೆ ಹತ್ತಿ, ಪಾದದ ಕೆಳಗೆ ಸಹಿ ಹಾಕಿಕೊಡಿ ಎಂದು ಮುದುಕಿಯನ್ನು ಕೇಳಿದರಂತೆ.

“ಸೆಟ್ಟಿಗೆ ಯಾರಾದ್ರೂ ಸಹಿ ಹಾಕ್ತಾರೇನ್ರೀ? ಹೋಗಿ,” ಎಂದು ಆಕೆ ಬಾಗಿಲು ಹಾಕಿಕೊಂಡಳು.

ಮುದುಕ ಮಾತ್ರ ಹಿಂದೆಯೇ ಮೆಟ್ಟಿಲಿಳಿದು ಬಂದ. “ಸಾರ್, ನಾನು ಹಾಕ್ಲಾ?”

ಹಾಕಿದ. ಇವರು ಹಾಕಿಸಿಕೊಂಡರು. ಅಂದಿನಿಂದ ಇಬ್ಬರಿಗೂ ಬಿಟ್ಟಿರಲಾರದ ಸ್ನೇಹ. ಭಾನುವಾರವಾದರೆ ಮುದುಕನದು ಅಕ್ಕನ ಮನೆಯಲ್ಲೇ ಠಿಕಾಣಿ. ಒಬ್ಬ ತಾನು ಎಂಥ ನಟ ಎನ್ನುತ್ತಾನೆ, ಇನ್ನೊಬ್ಬರು ತಾವೆಂಥ ಸಂಶೋಧಕ ಎನ್ನುತ್ತಾರೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ, ಹಾಗಾಗಿ ಜಗಳವೂ ಇಲ್ಲ.

ಮುದುಕ ಬಂದ ಕೂಡಲೇ ಅಕ್ಕ ಚಪ್ಪಲಿ ಮೆಟ್ಟಿಕೊಂಡು ಮುದುಕಿಯ ಮನೆಗೆ ಹೊರಡುತ್ತಾಳೆ. ಅಲ್ಲಿ ಇಬ್ಬರೂ ಟೀವಿ ಆರಿಸಿ, ಮಾತಿಲ್ಲದೆ, ಹಾಯಾಗಿ ಕೂತಿರುತ್ತಾರಂತೆ.