ಶ್ರೀಧರನ ಆಟದ ಜಾತಕ

ಹೋದ ವಾರ ಮನೆಗೆ ಬಂದ ಅಕ್ಕನ ಮಗಳು ಊಟ ಮುಗಿಸಿ ಕೈ ತೊಳೆದವಳೇ ತನ್ನ ಫೋನನ್ನು ನನ್ನ ಮುಖಕ್ಕೆ ಹಿಡಿದು, "ಮಾವ, ಈ ಆಟದಲ್ಲಿ ನಿಮಗೊಂದು ಪಾತ್ರ ಮಾಡಿಕೊಡ್ತೇನೆ, ಹೆಸರು ಹೇಳಿ" ಅಂದಳು. ಬಾಯಿಗೆ ಬಂದ ಹೆಸರು ಹೇಳಿದೆ. ಅವಳು ನಾಲ್ಕು ಕಡೆ ಒತ್ತಿದಳು, ಅಷ್ಟೆ. ಬಲ ಎಷ್ಟು, ಬುದ್ಧಿ ಎಷ್ಟು, ಕೈಯಲ್ಲಿ ಯಾವ ಆಯುಧ ಎಂಬುದೆಲ್ಲ ಚಿತ್ರದ ಸಮೇತ ಎದುರಿಗೆ ಬಂತು. "ಇದಕ್ಕೆ ದುಡ್ಡೆಷ್ಟು?" ಅಂತ ಕೇಳಿದೆ. "ದುಡ್ಡಾ? ಪುಕ್ಕಟೆ ಮಾವ" ಅಂದಳು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯಿತು. ಇಂಥದ್ದೊಂದಕ್ಕಾಗಿ ಒಂದು ಕಾಲದಲ್ಲಿ ಅಲೆದವರಾದರೆ ನಿಮಗೂ ಉರಿಯುತ್ತಿತ್ತು.

ಆಗಿನ್ನೂ ನಮ್ಮ ಕಡೆ ಇಂಟರ್ನೆಟ್ ನೋಡಲು ಸೈಬರ್ ಸೆಂಟರಿಗೆ ಹೋಗಬೇಕಿತ್ತು. ನಾನು ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಸುಬ್ಬಣ್ಣನವರ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮದುವೆ ಕಾಗದ, ತಿಥಿ ಕಾಗದ, ತಾಲ್ಲೂಕು ಆಫೀಸಿನ ಅರ್ಜಿ, ಎಲ್ಲ ಒಂದೇ ಕಂಪ್ಯೂಟರಿನಲ್ಲಿ. ಭಾನುವಾರ ಮಧ್ಯಾಹ್ನ ಅಂಗಡಿಯ ಷಟರನ್ನು ಅರ್ಧ ಎಳೆದು ನಾವು ಮೂವರು ಒಳಗೆ ಕೂರುತ್ತಿದ್ದೆವು. ಶೃಂಗೇರಿಯಿಂದ ಬರುವ ಲಲಿತಾ ಟೀಚರು, ಸೀತೂರಿನ ಶ್ರೀಧರ, ಮತ್ತೆ ನಾನು. ಅರ್ಧ ಮುಚ್ಚಿದ ಷಟರನ್ನು ನೋಡಿ ಇಸ್ಪೀಟೇ ಅಂತ ಎದುರಿನ ಹೋಟೆಲಿನವರು ಬಹಳ ದಿನ ನಂಬಿಕೊಂಡಿದ್ದರು.

ಇಸ್ಪೀಟಲ್ಲ, ಕಥೆಯಾಟ. ಟೀಚರು ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಕಲಿತು ಬಂದದ್ದು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಪಾತ್ರ ಹೊಳೆ ಹಾರಬೇಕೆಂದರೆ ದಾಳ ಹಾಕಿ, ಬಿದ್ದದ್ದಕ್ಕೆ ಪಾತ್ರದ ಬಲ ಕೂಡಿಸಿ, ಹಾರಿದನೋ ಬಿದ್ದನೋ ನೋಡಬೇಕು. ಬಲ, ಚುರುಕು, ಬುದ್ಧಿ, ಗಾಯ ತಾಳುವ ಶಕ್ತಿ ಎಂದು ಅರವತ್ತು ಎಪ್ಪತ್ತು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಆ ಹಾಳೆಗೆ ನಾವು ಜಾತಕ ಅನ್ನುತ್ತಿದ್ದೆವು.

ಶ್ರೀಧರನದು ಸೀತೂರಿನಲ್ಲಿ ಹಿಟ್ಟಿನ ಗಿರಣಿ. ಗಿರಣಿಯ ಸದ್ದಿಗೆ ಎದುರಾಗಿ ಮಾತಾಡಿ ಮಾತಾಡಿ ದೊಡ್ಡ ಗಂಟಲು. ಅವನ ಪಾತ್ರ ಬೊಮ್ಮ ಎಂಬ ಅಂಬಿಗ. ಅವನಷ್ಟು ಮನಸ್ಸಿಟ್ಟು ಆಡುವವನನ್ನು ನಾನು ಆಮೇಲೆ ನೋಡಲಿಲ್ಲ. ಆದರೆ ಅವನ ಕಣ್ಣು ಹೋಗುತ್ತಿತ್ತು. ಕಣ್ಣೊಳಗಿನ ಪರದೆಯ ತೊಂದರೆ, ಕನ್ನಡಕದಿಂದ ಉಪಯೋಗವಿಲ್ಲ ಅಂತ ಶಿವಮೊಗ್ಗದ ಡಾಕ್ಟರು ಹೇಳಿಬಿಟ್ಟಿದ್ದರು. ಪೆನ್ಸಿಲಿನಲ್ಲಿ ಬರೆದ ಸಣ್ಣ ಅಂಕಿ ಅವನಿಗೆ ಕಾಣುತ್ತಿರಲಿಲ್ಲ. "ಕೊಡು, ನಾನು ಓದಿ ಹೇಳ್ತೆ" ಅಂದರೆ ಸಿಟ್ಟು ಬರುತ್ತಿತ್ತು. "ಬೊಮ್ಮನ ಜಾತಕ ನೀ ಓದೂದಾದ್ರೆ ಬೊಮ್ಮನ್ನೂ ನೀನೇ ಆಡು ಮಾರಾಯ. ನಾ ಮನೇಲಿ ಇರ್ತೆ" ಅಂದ. ಎರಡು ಭಾನುವಾರ ಬರಲೇ ಇಲ್ಲ.

ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರ ದೊಡ್ಡದು ಮಾಡಿದರೆ ಓದಬಹುದಲ್ಲ ಅಂತ ಹುಡುಕಾಟಕ್ಕೆ ಬಿದ್ದೆ. ಸೈಬರ್ ಸೆಂಟರಿನಲ್ಲಿ ಕೂತು ನೋಡಿದರೆ ಜಾತಕ ಮಾಡುವ ಸಾಫ್ಟ್‌ವೇರ್‌ಗಳಿಗೆ ಬರವಿಲ್ಲ, ಬೆಲೆ ಮಾತ್ರ ಡಾಲರಿನಲ್ಲಿ. ಅದನ್ನೂ ಕ್ರೆಡಿಟ್ ಕಾರ್ಡಿನಲ್ಲೇ ಕೊಡಬೇಕು. ನಮ್ಮ ಮೂವರ ಹತ್ತಿರ ಇದ್ದ ಕಾರ್ಡು ರೇಷನ್ನಿನದು. ಕೊನೆಗೆ ಮೂವತ್ತು ದಿನ ಪುಕ್ಕಟೆ ನಡೆಯುವ ಒಂದನ್ನು ಇಳಿಸಿಕೊಂಡು ಬಂದೆ. ಶ್ರೀಧರ ಪರದೆಗೆ ಮೂಗು ತಾಗಿಸಿ ಒಂದೊಂದೇ ಅಂಕಿ ಓದಿದ. ಅವತ್ತು ಅವನ ಮುಖ ನೋಡಿ ನನಗಾದ ಖುಷಿಯನ್ನು ಇನ್ನೂ ಮರೆತಿಲ್ಲ.

ಮೂವತ್ತು ದಿನ ಮುಗಿದ ಮೇಲೆ ಅಡ್ಡದಾರಿ ಹಿಡಿದೆ. ಭಾನುವಾರ ಕಂಪ್ಯೂಟರಿನ ತಾರೀಕನ್ನು ಹಿಂದಕ್ಕೆ ತಿರುಗಿಸುವುದು, ಆಟ ಮುಗಿದ ಮೇಲೆ ಸರಿ ಮಾಡುವುದು. ಹೀಗೇ ಮಳೆಗಾಲ ಕಳೆದು ಚಳಿ ಶುರುವಾಗುವವರೆಗೂ ನಡೆಯಿತು. ಒಂದು ಭಾನುವಾರ ಸರಿ ಮಾಡಲು ಮರೆತೆ. ಸೋಮವಾರ ಹೊಡೆದ ಅರ್ಜಿಗಳಲ್ಲೆಲ್ಲ ಹಳೆಯ ತಿಂಗಳ ತಾರೀಕು. ನೆಮ್ಮಾರಿನಿಂದ ಬಂದವರೊಬ್ಬರು ತಾಲ್ಲೂಕು ಆಫೀಸಿಗೆ ಹೋಗಿ ಬೈಸಿಕೊಂಡು ವಾಪಸ್ ಬಂದರು. ಸುಬ್ಬಣ್ಣನವರು ಗಟ್ಟಿಯಾಗಿ ಬೈಯುವ ಜನ ಅಲ್ಲ. "ಎಂತ ಮಾರಾಯ, ನಮ್ಮ ಅಂಗಡಿಲಿ ಮಾತ್ರ ಇನ್ನೂ ಮಳೆಗಾಲವಾ?" ಅಂದರು. ಸಂಜೆಯೊಳಗೆ ಸಾಫ್ಟ್‌ವೇರ್ ಅಳಿಸಿಸಿದರು. ಬೊಮ್ಮನೂ ಅದರ ಜೊತೆಗೇ ಹೋದ.

ಆಮೇಲೆ ನಾನೇ ಕೂತು ಎಕ್ಸೆಲ್‌ನಲ್ಲಿ ಜಾತಕ ಮಾಡಿದೆ. ಶ್ರೀಧರನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಟೀಚರು ಬೊಮ್ಮನ ಅಂಕಿ ಬರೆದಿಟ್ಟಿದ್ದ ಹಳೇ ಪುಸ್ತಕ ನೋಡಿ ಒಂದೊಂದೇ ಅಂಕಿ ತುಂಬಿಸಿದೆ. ಹಳದಿ ನೆಲ, ಕಪ್ಪು ಅಕ್ಷರ, ಪರದೆಗೆ ಒಂದೇ ಸಾಲು. ಕೆಳಗಿನ ಬಾಣದ ಗುಂಡಿ ಒತ್ತಿದರೆ ಮುಂದಿನ ಸಾಲು. ನನ್ನ ಜನ್ಮದಲ್ಲಿ ಮಾಡಿದ ಒಂದೇ ಒಂದು ದೊಡ್ಡ ಕೆಲಸ ಅಂದುಕೊಂಡು ಹೆಮ್ಮೆಪಟ್ಟೆ. ಶ್ರೀಧರ ಟಕಟಕ ಗುಂಡಿ ಒತ್ತುತ್ತ, "ಬಲ ಹದಿನಾಲ್ಕು, ಚುರುಕು ಒಂಬತ್ತು" ಅಂತ ಓದಿ ಹೇಳುವಾಗ ನಾನು ಬೀಗುತ್ತಿದ್ದೆ. ಎರಡು ವರ್ಷ ಆಡಿದೆವು. ಟೀಚರಿಗೆ ವರ್ಗವಾಯಿತು, ಆಟ ನಿಂತಿತು.

ಅಕ್ಕನ ಮಗಳ ಫೋನಿನ ಮಹಿಮೆ ಹೇಳಲು ಮೊನ್ನೆ ಶ್ರೀಧರನಿಗೆ ಫೋನ್ ಮಾಡಿದೆ. ಈಗ ಅವನಿಗೆ ಏನೇನೂ ಕಾಣುವುದಿಲ್ಲ. ಗಂಟಲು ಮಾತ್ರ ಹಾಗೇ ಇದೆ. ಮಾತಿನ ನಡುವೆ, ಪುಕ್ಕಟೆ ಏನೇ ಸಿಗಲಿ, ನಮ್ಮ ಹಳದಿ ಜಾತಕದ ಹಾಗೆ ಆದೀತಾ ಅಂದೆ. ಅವ ನಕ್ಕ.

"ಮಾರಾಯ, ಆ ಹಳದಿ ನಂಗೆ ಒಂದು ದಿನವೂ ಕಂಡಿಲ್ಲ. ಅಷ್ಟೊತ್ತಿಗೆ ಕಣ್ಣು ಮುಗಿದಿತ್ತು."

"ಮತ್ತೆ ಓದ್ತಿದ್ದದ್ದು?"

"ನೀ ಟೈಪ್ ಮಾಡುವಾಗ ಬಾಯಲ್ಲಿ ಹೇಳ್ತಾ ಮಾಡ್ತೀಯಲ್ಲ. ಅದನ್ನೇ ಬಾಯಿಪಾಠ ಮಾಡ್ದೆ. ಎಷ್ಟು ಸಲ ಒತ್ತಿದ್ರೆ ಯಾವ ಸಾಲು ಅಂತ ಲೆಕ್ಕ ಇಟ್ಟಿದ್ದೆ."

ಅವನೇ ಮುಂದುವರಿಸಿದ. ನಾನು ಬಾಯಲ್ಲಿ ಹದಿನಾಲ್ಕು ಅಂದು ಕೈಯಲ್ಲಿ ನಲವತ್ತೊಂದು ಹೊಡೆದಿದ್ದೆನಂತೆ. ಇಪ್ಪತ್ತು ದಾಟಿದ ಬಲವೇ ಇಲ್ಲದ ಆಟದಲ್ಲಿ ಬೊಮ್ಮನಿಗೆ ನಲವತ್ತೊಂದು! ಮೊದಲನೇ ಭಾನುವಾರವೇ ಅವನ ಹಿಂದೆ ನಿಂತಿದ್ದ ಟೀಚರು ಪರದೆ ನೋಡಿದರು, ಅವ ಹದಿನಾಲ್ಕು ಅಂದದ್ದು ಕೇಳಿದರು, ಏನೂ ಹೇಳದೆ ಆಟ ಮುಂದುವರಿಸಿದರು. ನಾನು ಹೊರಗೆ ಚಾ ತರಲು ಹೋದಾಗ ಆ ಅಂಕಿ ತಿದ್ದಿದರು. ವರ್ಗವಾಗಿ ಹೊರಡುವ ದಿನ ಇದನ್ನು ಅವನಿಗೆ ಹೇಳಿ ಹೋದರಂತೆ. ಪಕ್ಕದಲ್ಲೇ ಕೂತು ಹಳದಿ ಬಣ್ಣದ ಚಂದ ನೋಡುತ್ತಿದ್ದ ನನಗೊಬ್ಬನಿಗೆ ಏನೂ ಕಂಡಿರಲಿಲ್ಲ.

"ನಂಗೆ ಯಾಕೆ ಹೇಳಲಿಲ್ಲ?" ಅಂದೆ.

"ಹೇಳಿದ್ರೆ ನೀ, ಓದಿ ಹೇಳ್ತೆ ಅಂತಿದ್ದಿ. ನಾ ಮತ್ತೆ ಮನೇಲಿ ಇರ್ಬೇಕಿತ್ತು" ಅಂದ. "ಮತ್ತೆ ನೀ ಅಷ್ಟು ಕಷ್ಟಪಟ್ಟಿದ್ದಿ" ಅಂತ ಸೇರಿಸಿದ.

ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಅವನ ಮೇಲೆ ಪ್ರೀತಿ ಉಕ್ಕಿತು. ಈಗಲೂ ಆಡುತ್ತೀಯಾ ಅಂತ ಕೇಳಿದೆ. ಈ ಫೋನಿನಲ್ಲೇ ಆಡಬಹುದು, ಫೋನೇ ಓದಿ ಹೇಳುತ್ತದೆ, ನಾನು ಬಾಯಿ ಹಾಕುವುದಿಲ್ಲ ಅಂತಲೂ ಹೇಳಿದೆ.

"ಫೋನ್ ಯಾಕೆ?" ಅಂದ ಶ್ರೀಧರ. "ನೀನೇ ಓದು. ಸರಿಯಾಗಿ ಓದು ಮತ್ತೆ."