ಪಡುವಣ ಪಡಸಾಲೆಯ ಕುರ್ಚಿ

ಹುಂಯ್, ಹುಂಯ್, ಹುಂಯ್. ದಿಬ್ಬದ ಮೇಲಿನ ಗಾಳಿ ಫ್ಯಾನು ತಿರುಗುವ ಸಪ್ಪಳ ಅಮೃತವ್ವನ ಮನೆಯೊಳಗೆ ಹಗಲೂ ಇರುಳೂ ಕೇಳುತ್ತದೆ. ಕರೆಂಟಿನವರು ಅದನ್ನು ನೆಟ್ಟ ಹೊಸದರಲ್ಲಿ ಊರವರಿಗೆಲ್ಲ ನಿದ್ದೆ ಕೆಟ್ಟಿತ್ತಂತೆ. ಅಮೃತವ್ವನಿಗೆ ಮಾತ್ರ ಏನೂ ಆಗಲಿಲ್ಲ. "ನಮ್ಮ ಮನ್ಯಾಗ ಇದಕ್ಕಿಂತ ದೊಡ್ಡ ಫ್ಯಾನ ಗೊರಕಿ ಹೊಡೀತೈತಿ" ಎಂದು ಗಂಡ ತಿರಕಪ್ಪನ ಕಡೆ ಗದ್ದ ಎತ್ತಿ ತೋರಿಸುತ್ತಾಳೆ.

ಡೋಣಿ ದಾಟಿ ಕಪ್ಪತಗುಡ್ಡದ ಏರು ಹತ್ತಿದರೆ ಸಿಗುವ ಈ ಪುಟ್ಟ ಊರನ್ನು ಸುತ್ತಲಿನವರು ಮ್ಯಾಲಿನೂರು ಎನ್ನುತ್ತಾರೆ. ಊರ ತುದಿಗೆ ಒಂದು ಹಳೆಯ ಬಂಗಲೆ. ಗುಡ್ಡದಲ್ಲಿ ಬಂಗಾರ ಹುಡುಕಲು ಬಂದ ಬಿಳಿ ದೊರೆಯೊಬ್ಬ ಕಟ್ಟಿಸಿದ್ದಂತೆ. ಬಂಗಾರ ಸಿಕ್ಕಿತೋ ಇಲ್ಲವೋ, ಒಳ್ಳೆಯ ಗಾಳಿಯಂತೂ ಸಿಕ್ಕಿತು. ಆ ಗಾಳಿಗಾಗಿ ಇಂದಿಗೂ ಜನ ಬಂದು ಒಂದೆರಡು ದಿನ ಉಳಿದು ಹೋಗುತ್ತಾರೆ. ಸೊಸೆಯಾಗಿ ಈ ಊರಿಗೆ ಬಂದ ವರ್ಷದಿಂದ ಬಂಗಲೆಯ ಅಡುಗೆ, ಕಸ, ಹಾಸಿಗೆ ಎಲ್ಲವೂ ಅಮೃತವ್ವನದು. ಗೇಟು ಕಾಯುವುದು, ಗಿಡಕ್ಕೆ ನೀರು ಹಾಕುವುದು, ಹೋಗಿ ಬರುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುವುದು ತಿರಕಪ್ಪನದು. ಮೂರರಲ್ಲಿ ಕೊನೆಯದನ್ನು ಅವನು ಒಂದು ದಿನವೂ ತಪ್ಪಿಸಿಲ್ಲ.

ಈಗ ಅಮೃತವ್ವನ ಮೊಣಕಾಲು ಮಾತು ಕೇಳುವುದಿಲ್ಲ. ಕೆಲಸ ಸೊಸೆ ಸುನಿತಾಳ ಪಾಲಿಗೆ ಬಂದಿದೆ. ಸುನಿತಾ ಮುಂಡರಗಿಯ ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವಳು. ಬೆಳಿಗ್ಗೆ ಫೋನು ಮಾಡಿದಳು. "ಲೇ, ಸಂಜಿಕ್ಕ ಬಂದುಬಿಡಲೇ. ನಮ್ಮತ್ತಿ ಇವತ್ತ ಬಂಗಲೆಕ್ಕ ಗೆಸ್ಟ ಆಗಿ ಬರಾಕತ್ತಾರ. ಅವರ ಜೋಡಿ ಕುಂಡ್ರಾಕ ಒಬ್ರು ಬೇಕು."

ಬಂಗಲೆಯ ಪಡುವಣ ಪಡಸಾಲೆಯಲ್ಲಿ ಉದ್ದ ಕೈಗಳ ಒಂದು ಆರಾಮ ಕುರ್ಚಿ ಇದೆ. ಬಂದವರೆಲ್ಲ ಸಂಜೆ ಅದರಲ್ಲಿ ಒರಗಿ ಹೊತ್ತು ಮುಳುಗುವುದನ್ನು ನೋಡುತ್ತಾರೆ. ಆಮೇಲೆ ಊಟಕ್ಕೆ ಕೂತು, "ಅಮೃತವ್ವಾ, ಎಂಥಾ ಚಂದ ಐತಿ ಇಲ್ಲಿ!" ಎನ್ನುತ್ತಾರೆ. ಅವಳು ಹೂಂ ಎಂದು ಇನ್ನೊಂದು ರೊಟ್ಟಿ ಬಡಿಸುತ್ತಾಳೆ. ಅವಳು ಅದನ್ನು ಒಮ್ಮೆಯೂ ನೋಡಿಲ್ಲ. ಅಡುಗೆಮನೆಯ ಕಿಟಕಿ ಮೂಡಲಿಗೆ. ಅದು ದೀಪ ಹಚ್ಚುವ ಹೊತ್ತು, ಒಲೆ ಉರಿಯುವ ಹೊತ್ತು. ಆ ಹೊತ್ತಿನಲ್ಲಿ ಹೆಣ್ಣುಮಕ್ಕಳು ಕಾಲು ಚಾಚಿ ಕೂರುವುದು ನಮ್ಮ ಕಡೆ ಇಲ್ಲ. "ದಿನಾ ಮುಳಗೂದ್ರಾಗ ಅಂಥಾದ್ದೇನೈತಿ? ನನ್ನ ತವರಮನ್ಯಾಗೂ ಇದ ಸೂರ್ಯಪ್ಪನ ಇದ್ದ" ಎಂದು ನಗುತ್ತಿದ್ದಳಂತೆ. ಆದರೆ ಕೆಲಸ ಬಿಡುವಾಗ ಸೊಸೆಯ ಹತ್ತಿರ ಕೇಳಿದ್ದು ಅದೊಂದನ್ನೇ. ಒಂದು ಸಂಜೆ ಗೆಸ್ಟ್ ಆಗಿ ಬಂದು, ಆ ಕುರ್ಚಿಯಲ್ಲಿ ಕೂತು, ಹೊತ್ತು ಪೂರಾ ಮುಳುಗುವವರೆಗೆ ನೋಡಬೇಕು.

ತಿರಕಪ್ಪ ಇದನ್ನು ಸುಮ್ಮನೆ ಬಿಡುವವನಲ್ಲ. "ಹೊತ್ತು ಮುಳುಗೂತನಕ ನೀ ಆ ಕುರ್ಚಿ ಬಿಟ್ಟು ಏಳಲಿಲ್ಲಂದ್ರ ಈ ಮೀಸಿ ಬೋಳಿಸಿಬಿಡ್ತೇನಿ."

"ಎದ್ರ?"

"ಎದ್ರ ಇನ್ನ ಮ್ಯಾಲ ನನ್ನ ತಂಬಾಕದ ಸುದ್ದಿಗೆ ಬರಬಾರ್ದು."

"ಆತು. ಕತ್ತರಿ ಸಾಣಿ ಹಿಡಿಸಿ ಇಟಗೋರಿ."

ಸಂಜೆ ಅಮೃತವ್ವ ಇಳಕಲ್ ಸೀರೆ ಉಟ್ಟು, ಕೈಯಲ್ಲೊಂದು ಚೀಲ ಹಿಡಿದು, ಮುಂಬಾಗಿಲಿನಿಂದ ಬಂದಳು. ಹಿತ್ತಲ ಬಾಗಿಲು ಸವೆಸಿದ ಕಾಲಿಗೆ ಮುಂಬಾಗಿಲ ಮೆಟ್ಟಿಲು ಗೊತ್ತಿರಲಿಲ್ಲ. ಸ್ವಲ್ಪ ಎಡವಿದಳು. ಚೀಲದಲ್ಲಿ ಏನಿದೆ ಎಂದು ನಾನು ಕೇಳಿದೆ. "ಏನಿಲ್ಲವಾ, ಖಾಲಿ ಐತಿ. ಗೆಸ್ಟ ಮಂದಿ ಬರಿಗೈಲೆ ಬರತಾರೇನು?" ಎಂದಳು.

"ಬರ್ರಿ ಅವ್ವಾರ, ಕುಂಡ್ರಿ" ಎಂದು ಸುನಿತಾ ಕಾಲಿಗೆ ನೀರು ಕೊಟ್ಟಳು. ಅಮೃತವ್ವ ಕಾಲು ತೊಳೆದು, ಗೆಸ್ಟ್ ಮಂದಿಯ ಹಾಗೆ ಮತ್ತೆ ಚಪ್ಪಲಿ ಮೆಟ್ಟಿ, ಕೂರುವ ಮೊದಲು ಕುರ್ಚಿಯ ಕೈ ಮೇಲೆ ಬೆರಳು ಎಳೆದು ನೋಡಿದಳು.

"ಗೆಸ್ಟ ಮಂದಿ ಧೂಳ ನೋಡಂಗಿಲ್ಲ!" ತಿರಕಪ್ಪ ಗೇಟಿನ ಹತ್ತಿರದ ಕಟ್ಟೆಯಿಂದ ಕೂಗಿದ.

ಕೂತಳು. ಕೂತದ್ದು ಕುರ್ಚಿಯ ತುದಿಯಲ್ಲಿ, ಬಸ್ಸು ಬಂದರೆ ಏಳಬೇಕು ಎನ್ನುವ ಹಾಗೆ.

"ಚಾ ತಗೋತೀರೇನ್ರಿ?" ಎಂದಳು ಸುನಿತಾ.

"ಒಲ್ಲೆವಾ. ಈಗರ ಕುಡದ ಬಂದೇನಿ."

"ಆತ್ರಿ" ಎಂದು ಸುನಿತಾ ಒಳಗೆ ಹೋದಳು.

ಅಮೃತವ್ವ ಅವಳು ಹೋದ ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ಬಾಗಿ, ಮೆಲ್ಲಗೆ, "ಹೋದ್ಲು ನೋಡವಾ. ಖರೇನ ಹೋದ್ಲು" ಎಂದಳು.

ನಮ್ಮಲ್ಲಿ ಮೊದಲ ಸಲಕ್ಕೇ ಯಾರೂ ಹೂಂ ಎನ್ನುವುದಿಲ್ಲ. ಬಂದವರು ಒಲ್ಲೆ ಎನ್ನಬೇಕು. ಮನೆಯವರು ಒಂದ ಗುಟಕ್ರಿ ಎನ್ನಬೇಕು. ಮತ್ತೆ ಒಲ್ಲೆ ಎನ್ನಬೇಕು. ಕಡೆಗೆ ನಿಮ್ಮ ಮಾತಿಗೆ ಇಲ್ಲ ಅನ್ನಾಕಾಗತೈತೇನ್ರಿ ಎಂದು ಪೂರಾ ಕಪ್ಪು ಕುಡಿಯಬೇಕು. ಸುನಿತಾಳಿಗೆ ಇದೆಲ್ಲ ಗೊತ್ತು. ಆದರೆ ಬಂಗಲೆಯ ರೀತಿ ಬೇರೆ, ಪ್ಯಾಟಿ ಮಂದಿ ಬ್ಯಾಡಂದ್ರ ಬ್ಯಾಡಂತನ ತಿಳಕೋಬೇಕು, ಒತ್ತಾಯ ಮಾಡಬಾರದು ಎಂದು ವಾರವೆಲ್ಲ ಸೊಸೆಗೆ ಪಾಠ ಹೇಳಿದವಳು ಅಮೃತವ್ವನೇ.

"ನಾ ಹೋಗಿ ಹೇಳ್ಲೇನ್ರಿ?" ಎಂದೆ.

"ಬ್ಯಾಡ. ಕೇಳಿ ಇಸಗೊಂಡು ಕುಡದ್ರ ಗೆಸ್ಟಿಗೆ ಏನ ಮರ್ಯಾದಿ?"

ಅಷ್ಟರಲ್ಲಿ ಕಟ್ಟೆಯ ಕಡೆಯಿಂದ ಬಸಿಯಲ್ಲಿ ಚಹಾ ಹೀರುವ ಸುರ್ ಸಪ್ಪಳ ಬಂತು. "ಯಾಲಕ್ಕಿ ಹಾಕ್ಯಾಳ" ಎಂದು ತಿರಕಪ್ಪ ಪಕ್ಕದ ಬೇವಿನ ಗಿಡಕ್ಕೆ ಹೇಳಿದ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದು ಶುರುವಾಯಿತು. ಟಪ್ ಟಪ್ ಟಪ್. ಅಮೃತವ್ವನ ಕಾಲಿನ ಹೆಬ್ಬೆರಳು ಅದರ ತಾಳಕ್ಕೆ ಕುಣಿಯತೊಡಗಿತು. ನಡುವೆ ತಾಳ ತಪ್ಪಿತು. ರೊಟ್ಟಿ ಹರಿದಿರಬೇಕು. ಅವಳು ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡಳು.

"ಎದ್ಲು, ಎದ್ಲು!" ತಿರಕಪ್ಪ ಮೀಸೆ ತೀಡಿದ.

"ಎಲ್ಲಿ ಎದ್ದೀನ್ರಿ? ನೆರಗಿ ಸರಿ ಮಾಡಿಕೊಂಡೆ."

ಕೆಳಗೆ ಶಿರಹಟ್ಟಿ ಕಡೆಯ ಎರೆ ಹೊಲಗಳ ಮೇಲೆ ಬಿಸಿಲು ಹಳದಿಯಾಗಿತ್ತು. ಎಲ್ಲೋ ದೂರದಲ್ಲಿ ಒಂದು ಕೆರೆ ತಾಟಿನ ಹಾಗೆ ಹೊಳೆದು ಆರಿತು. ಸೂರ್ಯ ಇಳಿಯುತ್ತ ಎದುರಿನ ದಿಬ್ಬದ ಫ್ಯಾನಿನ ಹಿಂದೆ ಬಂದ. ರೆಕ್ಕೆ ಅವನನ್ನು ಕತ್ತರಿಸುತ್ತಿತ್ತು, ಅವನು ಮತ್ತೆ ಇಡಿಯಾಗುತ್ತಿದ್ದ. ಒಂದೊಂದು ಸಲ ಕತ್ತರಿಸಿದಾಗಲೂ ಉದ್ದನೆಯ ನೆರಳು ಪಡಸಾಲೆಯ ಮೇಲೆ, ಅಮೃತವ್ವನ ಮಡಿಲ ಮೇಲೆ ಹಾದು ಹೋಗುತ್ತಿತ್ತು. ಹುಂಯ್, ಹುಂಯ್.

ಅವಳು ಯಾವಾಗ ಹಿಂದಕ್ಕೆ ಒರಗಿದಳೋ ನನಗೆ ತಿಳಿಯಲಿಲ್ಲ. ಆಳವಾದ ಕುರ್ಚಿ. ಒರಗಿದೊಡನೆ ಅವಳ ಪಾದಗಳು ನೆಲ ಬಿಟ್ಟು ಮೇಲೆದ್ದಿದ್ದವು, ಜೋಕಾಲಿಯಲ್ಲಿ ಕೂತ ಹುಡುಗಿಯ ಹಾಗೆ. ತಿರಕಪ್ಪ ಬಸಿ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದ. ಅವನ ಕೈ ಮಾತ್ರ ಮೀಸೆಯ ಮೇಲಿತ್ತು.

"ಮಂದಿ ಸುಳ್ಳ ಹೇಳ್ತಿರಲಿಲ್ಲ ಬಿಡು" ಎಂದಳು ಅಮೃತವ್ವ.

ಒಳಗೆ ಟಪ್ ಟಪ್ ಟಪ್. ಸೂರ್ಯ ಅರ್ಧ ಇಳಿದಿದ್ದ. ಅವಳು ಕತ್ತು ತಿರುಗಿಸಿ ಒಳಗಿನ ಬಾಗಿಲ ಕಡೆ ನೋಡಿದಳು. ಮತ್ತೆ ಸೂರ್ಯನ ಕಡೆ. ಮತ್ತೆ ಬಾಗಿಲ ಕಡೆ.

"ಅಕಿಗೆ ಅಲ್ಲಿಂದ ಕಾಣಂಗಿಲ್ಲಲ್ಲ" ಎಂದಳು.

ಪಾದಗಳು ನೆಲ ಮುಟ್ಟಿದವು.

"ಏ, ಏಳಬ್ಯಾಡ! ಸೋಲ್ತಿ ನೋಡು, ಇನ್ನ ಒಂದೀಟು ಉಳದೈತಿ!" ಆಶ್ಚರ್ಯವೆಂದರೆ, ಹಾಗೆ ಕೂಗಿದ್ದು ತಿರಕಪ್ಪನೇ.

"ಇಟಗೋರಿ ನಿಮ್ಮ ಮೀಸಿ. ತಂಬಾಕಾನೂ ತಿನ್ರಿ." ಅವಳು ಎದ್ದಾಗಿತ್ತು. ಚೀಲ ಕುರ್ಚಿಯ ಮೇಲೇ ಬಿತ್ತು, ಒಂದು ಚಪ್ಪಲಿ ಅಲ್ಲೇ ಉಳಿಯಿತು. "ಸುನಿತಾ! ಏ ಸುನಿತಾ! ಹಂಚ ಇಳಿಸಿ ಜಲ್ದಿ ಹೊರಗ ಬಾ. ರೊಟ್ಟಿ ಸೀದ್ರ ಸೀಯಲಿ, ಸೀದದ್ದು ನಿಮ್ಮ ಮಾಂವಗ ಹಾಕೂಣು. ದೀಪ ನಾ ಹಚ್ಚತೇನಿ, ನೀ ಬಂದು ಈ ಕುರ್ಚ್ಯಾಗ ಒಂದ ಗಳಿಗಿ ಕುಂತು, ಆ ಫ್ಯಾನಿನ ಸಂದಿನ್ಯಾಗಿಂದ ಸೂರ್ಯಪ್ಪನ್ನ ನೋಡು" ಎನ್ನುತ್ತ ಅಮೃತವ್ವ ಒಂದೇ ಚಪ್ಪಲಿಯಲ್ಲಿ ಒಳಗೆ ನಡೆದಳು.