ಹುಳ ಜ್ವರಕ್ಕೆ ಕೂತಿದೆ

ಯಾವ ಊರು ಅಂತ ಕೇಳಬೇಡಿ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ಮೇಲೂರಿಗೂ ಸಾದಲಿಗೂ ನಡುವೆ ಎಲ್ಲೋ ಒಂದು ಕಡೆ ಅಂದುಕೊಳ್ಳಿ. ಹೆಸರುಗಳನ್ನೂ ಕೇಳಬೇಡಿ. ಯಾಕೆ ಅಂತ ಕೊನೆಗೆ ನಿಮಗೇ ಗೊತ್ತಾಗುತ್ತೆ.

ನಾನು ಗೌರಿಬಿದನೂರು ಕಡೆಯವಳು. ನಮ್ಮಪ್ಪ ಮುಸುಕಿನ ಜೋಳ ಬೆಳೆಯೋರು. ರೇಷ್ಮೆ ಹುಳವನ್ನ ನಾನು ಮುಟ್ಟಿದ್ದೇ ಮದುವೆಯಾಗಿ ಬಂದ ಮೇಲೆ. ಮೊದಮೊದಲು ಮೈ ಜುಂ ಅನ್ನೋದು, ಅತ್ತೆ ನಗೋರು. ಅವರಿಗೆ ಕನ್ನಡ ಚೆನ್ನಾಗೇ ಬರುತ್ತೆ, ಆದರೆ ಸಿಟ್ಟು, ಹೆದರಿಕೆ, ಮುದ್ದು ಈ ಮೂರಕ್ಕೂ ತೆಲುಗೇ ಆಗಬೇಕು.

ಮದುವೆಯಾಗಿ ವರ್ಷ ತುಂಬೋದರೊಳಗೆ ಒಂದು ಬೆಳಗ್ಗೆ ನನ್ನ ಗೆಳತಿ ಗಂಡನ ಜೊತೆ ಬಂದು ಬಾಗಿಲಲ್ಲಿ ನಿಂತಳು. ಚಿಕ್ಕಬಳ್ಳಾಪುರದ ಕಾಲೇಜಲ್ಲಿ ಮೂರು ವರ್ಷ ನಾವಿಬ್ಬರೂ ಒಂದೇ ಬೆಂಚು. ಚಿಂತಾಮಣಿ ಕಡೆಯವಳು, ಅವರ ಮನೆಯಲ್ಲೂ ಹುಳ ಸಾಕ್ತಾರೆ. ಬೇರೆ ಜಾತಿಯ ಹುಡುಗನನ್ನ ರಿಜಿಸ್ಟರ್ ಮದುವೆಯಾಗಿ, ಉಟ್ಟ ಬಟ್ಟೆಯಲ್ಲೇ ಬಂದಿದ್ದಳು.

"ನಮ್ಮ ಮಾವ ಎಲ್ಲರ ಮುಂದೆ ಹೇಳಿದಾನೆ ಕಣೇ, ಸಿಕ್ಕಿದರೆ ಕಡಿದು ಹಾಕ್ತೀನಿ ಅಂತ. ಅವನು ಬಾಯಿಮಾತಿಗೆ ಹೇಳೋನಲ್ಲ," ಅಂದಳು. ಮಾವ ಅಂದರೆ ಅವರಮ್ಮನ ತಮ್ಮ. ಚಿಂತಾಮಣಿಯಲ್ಲಿ ಟೊಮೇಟೊ ಮಂಡಿ ಇಟ್ಟಿದ್ದವನು.

ಅತ್ತೆ ಜಾತಿ ಕೇಳ್ತಾರೆ, ಆಮೇಲೆ ನನ್ನನ್ನ ಒಳಗೆ ಕರೆದು ಬೈತಾರೆ ಅಂತ ಕಾದೆ. ಅವರು ಅವಳ ತಲೆ ಸವರಿ, "ನಾ ಚಾಟುನ ಉಂಡಮ್ಮಾ," ಅಂದರು. ನನ್ನ ಮರೆಯಲ್ಲಿರಮ್ಮ ಅಂತ. ಗಾಳಿ ಬೀಸಿದಾಗ ಒಲೆಗೆ ತಗಡು ಅಡ್ಡ ಇಡು ಅನ್ನೋದಕ್ಕೂ ಅವರು ಚಾಟು ಅಂತಾನೇ ಅನ್ನೋದು. ನಾವು ಕನ್ನಡದವರು ಕಾಪಾಡು ಅನ್ನೋದನ್ನ ದೇವರಿಗೇ ಬಿಟ್ಟುಬಿಟ್ಟಿದ್ದೀವಿ; ನನ್ನ ಬಾಯಿಗೆ ಬಂದದ್ದು "ಹೆದರಬೇಡ, ನಾವಿದೀವಿ" ಅಷ್ಟೇ.

ನಮ್ಮವರು ಅವಳ ಗಂಡನನ್ನ ಬೈಕಲ್ಲಿ ಕೂರಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೊರಟರು. "ಪೊಲೀಸರಿಗೆ ಅರ್ಜಿ ಕೊಟ್ಟು ಪ್ರೊಟೆಕ್ಷನ್ ಕೇಳ್ಕೊಂಡು ಬರ್ತೀವಿ," ಅಂದರು. ಮಾತೇನೋ ಭಾರಿಯಾಗಿತ್ತು. ಆದರೆ ಅದಕ್ಕೆ ಆಧಾರ್ ಬೇಕು, ಜೆರಾಕ್ಸ್ ಬೇಕು, ಫೋಟೊ ಬೇಕು, ಸಂಜೆಯವರೆಗೆ ಟೈಮ್ ಬೇಕು. ಮನೆಯಲ್ಲಿ ಉಳಿದವರು ಮೂರು ಜನ ಹೆಂಗಸರು.

ಅತ್ತೆ ಅವಳನ್ನ ಹುಳದ ಮನೆಗೆ ಸೇರಿಸಿದರು. ಹಿತ್ತಲಲ್ಲಿರೋ ಉದ್ದನೆಯ ಶೆಡ್ಡು ಅದು. ಅಲ್ಲಿಗೆ ಹೊರಗಿನವರು ಯಾರೂ ಕಾಲಿಡೋ ಹಾಗಿಲ್ಲ. ಸೋಂಕು ತಗಲಿದರೆ ಹುಳವೆಲ್ಲ ಸತ್ತು ಬೆಳೆ ನೆಲ ಕಚ್ಚುತ್ತೆ. ನೆಂಟರೇ ಬಂದರೂ ಬಾಗಿಲ ಹೊರಗೇ ನಿಂತು ಮಾತಾಡಿಸಿ ಹೋಗ್ತಾರೆ. ಅತ್ತೆ ಅವಳ ಚಪ್ಪಲಿಯನ್ನ ಸೊಪ್ಪಿನ ರಾಶಿಯ ಅಡಿಗೆ ತುರುಕಿದರು. ಅಷ್ಟು ಮುಂಜಾಗ್ರತೆ ಅವರಿಗೆ. ಗೆಳತಿ ಸುಮ್ಮನೆ ಕೂರಲಾರದೆ ಒಳಗಿದ್ದ ಹುಳಕ್ಕೆಲ್ಲ ಹಿಪ್ಪುನೇರಳೆ ಸೊಪ್ಪು ಹಾಕಿದಳು.

ಹತ್ತೂವರೆ ಹೊತ್ತಿಗೆ ಮನೆ ಮುಂದೆ ಕಾರು ನಿಂತಿತು. ಇಳಿದವರು ಇಬ್ಬರು. ಒಬ್ಬ ಅವಳ ಮಾವ, ಮೈಯೆಲ್ಲ ಸೆಂಟು. ಇನ್ನೊಬ್ಬ ಅವಳ ಸ್ವಂತ ಅಣ್ಣ. ನನ್ನ ಮದುವೆಗೆ ತಂಗಿಯ ಜೊತೆ ಬಂದು ಊಟ ಮಾಡಿ ಹೋಗಿದ್ದವನು.

"ಕಾಲೇಜಿನೋರ ಮನೆಯೆಲ್ಲ ನೋಡ್ಕೊಂಡು ಬರ್ತಿದೀವಿ. ಎಲ್ಲಿ ಅವಳು?" ಅಂದ ಮಾವ. ಇಲ್ಲಿಗೆ ಬಂದೇ ಇಲ್ಲ ಅಂದೆ. ಅವನು ನಡುಮನೆ, ಅಡುಗೆಮನೆ, ಬಚ್ಚಲು ಎಲ್ಲ ಜಾಲಾಡಿದ. ಹೆಂಗಸರಿರೋ ಮನೆ ಅನ್ನೋ ಲೆಕ್ಕವೂ ಇಲ್ಲ ಆ ಮುಖಕ್ಕೆ! ಆಮೇಲೆ ಹಿತ್ತಲಿಗೆ ಬಂದ.

"ಈ ಶೆಡ್ಡೇನು? ಬಾಗಿಲು ತೆಗಿ."

ನನ್ನದು ಬಾಯಿ ಬೊಂಬಾಯಿ. ಅತ್ತೆ ಮಾತೆತ್ತೋ ಮೊದಲೇ ಅಂದುಬಿಟ್ಟೆ: "ತೆಗೆಯೋ ಹಾಗಿಲ್ಲ. ಹುಳ ಜ್ವರಕ್ಕೆ ಕೂತಿದೆ."

ಜ್ವರ ಅಂದರೆ ನಮ್ಮ ಕಡೆ ಹುಳ ಪೊರೆ ಬಿಡೋ ಹೊತ್ತು. ಆಗ ಅದು ತಲೆಯೆತ್ತಿಕೊಂಡು ಅಲ್ಲಾಡದೆ ಕೂತಿರುತ್ತೆ, ಯಾರೂ ಮುಟ್ಟಬಾರದು, ಅಲುಗಿಸಬಾರದು. ಒಳ್ಳೇ ಸುಳ್ಳು ಹೊಳೀತು ಅಂತ ಒಂದು ಕ್ಷಣ ಧೈರ್ಯ ಬಂತು. ಅಷ್ಟರಲ್ಲಿ ಅತ್ತೆ ನನ್ನ ತೋಳು ಹಿಡಿದು ಉಗುರು ಊರಿದರು. ಯಾಕೆ ಅಂತ ತಿಳಿಯಲಿಲ್ಲ. ಆಮೇಲೆ ನನಗೂ ಕೇಳಿಸಿತು.

ಒಳಗಿಂದ ಸೊರಸೊರ ಸೊರಸೊರ ಅಂತ ಸದ್ದು, ಹಂಚಿನ ಮೇಲೆ ಸೋನೆ ಬಿದ್ದ ಹಾಗೆ. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಮೇಯ್ತಿದ್ದ ಸದ್ದು. ಜ್ವರಕ್ಕೆ ಕೂತ ಹುಳ ಒಂದು ಎಲೆ ಮುಟ್ಟಲ್ಲ. ಹುಳದ ಮನೆಯಲ್ಲಿ ಬೆಳೆದ ಮಗುವಿಗೂ ಅದು ಗೊತ್ತು. ಜೋಳದ ಹೊಲದಿಂದ ಬಂದ ನನಗೆ ಮಾತ್ರ ಆ ಹೊತ್ತಿಗೆ ನೆನಪಾಗಲಿಲ್ಲ. ಅಯ್ಯೋ, ನನ್ನ ಬಾಯಿಗೆ ಬೆಂಕಿ ಹಾಕ! ಅವಳನ್ನ ನಾನೇ ಹಿಡಿದುಕೊಟ್ಟ ಹಾಗಾಯಿತು.

ಅವಳ ಅಣ್ಣನ ಮುಖ ನೋಡಿದೆ. ಅವನ ಕಿವಿ ಬಾಗಿಲ ಕಡೆಗಿತ್ತು. ಅವನಿಗೆ ಗೊತ್ತಾಗಿಹೋಗಿತ್ತು.

"ಅದೇನೋ ಸದ್ದು ಒಳಗೆ?" ಅಂದ ಮಾವ, ಚಿಲಕದ ಮೇಲೆ ಕೈಯಿಟ್ಟು.

"ಫ್ಯಾನು ಮಾವ," ಅಂದ ಅಣ್ಣ. "ಜ್ವರದಲ್ಲಿ ಹುಳಕ್ಕೆ ಗಾಳಿಯಾಡ್ತಿರಬೇಕು."

ಕರೆಂಟ್ ಹೋಗಿ ಒಂದು ಗಂಟೆಯಾಗಿತ್ತು. ಆಗತಾನೇ ಬಚ್ಚಲಲ್ಲಿ ಮಾವ ಸ್ವಿಚ್ ಒತ್ತಿದ್ದ, ಲೈಟ್ ಹತ್ತದೆ ಮೊಬೈಲ್ ಬೆಳಕಲ್ಲಿ ಹುಡುಕಿದ್ದ. ಅದು ಅವನಿಗೆ ಈಗ ನೆನಪಾಯಿತು, ಈಗ ಆಯಿತು ಅಂತ ಚಿಲಕದ ಮೇಲಿನ ಕೈಯನ್ನೇ ನೋಡ್ತಿದ್ದೆ. ಅಣ್ಣನೂ ಬೆವರ್ತಿದ್ದ. ಆದರೂ ಬಿಡದೆ ಹೇಳಿದ, "ಮಾವ, ನೀನು ಸೆಂಟ್ ಬೇರೆ ಹಾಕ್ಕೊಂಡಿದೀಯ. ಆ ವಾಸನೆಗೇ ಹುಳ ಸಾಯುತ್ತೆ. ನಾಳೆ ಇವರು ಊರೂರಲ್ಲಿ ಹೇಳ್ಕೊಂಡು ಬರ್ತಾರೆ, ನಮ್ಮ ಬೆಳೆ ಹಾಳು ಮಾಡಿ ಹೋದ್ರು ಅಂತ. ನಡಿ, ಹೋಗಣ."

ಮಾವ ಚಿಲಕದಿಂದ ಕೈ ತೆಗೆದ. ಅಕ್ಕನ ಮಗಳನ್ನ ಕಡಿಯೋಕೆ ಬಂದವನು ಹುಳ ಸಾಯುತ್ತೆ ಅಂದ ತಕ್ಷಣ ಹಿಂದೆ ಸರಿದ! ಬೈಕೊಂಡು ಹೋಗಿ ಕಾರು ಸ್ಟಾರ್ಟ್ ಮಾಡಿದ.

ಅಣ್ಣ ಒಂದು ಗಳಿಗೆ ಅಲ್ಲೇ ನಿಂತ. ಅತ್ತೆಗೆ ಹೇಳೋ ಹಾಗೆ, ಆದರೆ ಬಾಗಿಲಿಗೆ ಕೇಳೋ ಹಾಗೆ ಹೇಳಿದ: "ಜ್ವರ ಬಿಡೋವರೆಗೂ ಬಾಗಿಲು ತೆಗೀಬೇಡಮ್ಮ. ಯಾರೇ ಬಂದು ಕರೆದ್ರೂ ತೆಗೀಬೇಡ. ನಾನೇ ಬಂದು ಕರೆದ್ರೂ ತೆಗೀಬೇಡ." ತಿರುಗಿ ನೋಡದೆ ಹೋದ.

ಕಾರಿನ ಸದ್ದು ದೂರವಾದ ಮೇಲೆ ಅತ್ತೆ ನನ್ನ ಬೆನ್ನಿಗೆ ಒಂದು ಬಿಟ್ಟರು. "ಪಿಚ್ಚಿದಾನಾ! ಜ್ವರಮ್‌ಲೋ ಪುರುಗು ತಿಂಟುಂದಾ?" ಹುಚ್ಚೀ, ಜ್ವರದಲ್ಲಿ ಹುಳ ತಿನ್ನುತ್ತಾ ಅಂತ. ಹೊಡೆದವರೇ ನನ್ನನ್ನ ತಬ್ಬಿಕೊಂಡು ಅತ್ತರು.

ಒಳಗೆ ಗೆಳತಿ ಹುಳದ ತಟ್ಟೆಗಳ ಅಡಿಯಲ್ಲಿ ಮುದುಡಿ ಕೂತಿದ್ದಳು. "ನಿನ್ನ ಬಾಯಲ್ಲಿ ಜ್ವರ ಅಂತ ಬಂದ ತಕ್ಷಣ ನನ್ನ ಕತೆ ಮುಗೀತು ಅಂದ್ಕೊಂಡೆ ಕಣೇ. ಹುಳದ ಮೇಲಿಂದ ಸೊಪ್ಪು ತೆಗೆದುಬಿಡಣ ಅಂತ ಕೈಯಿಟ್ಟೆ, ಕಡ್ಡಿ ಸದ್ದಾಯ್ತು, ಬಿಟ್ಟುಬಿಟ್ಟೆ," ಅಂದಳು. ಎರಡು ದಿನ ಅವಳು ಆ ಬಾಗಿಲಿಂದ ಆಚೆ ಬರಲಿಲ್ಲ; ಅವಳ ಗಂಡ ಪೇಪರ್ ಕೆಲಸಕ್ಕೆ ಚಿಕ್ಕಬಳ್ಳಾಪುರದಲ್ಲೇ ಉಳಿದ.

ಮೂರನೇ ದಿನ, ಅತ್ತೆ ಹೇಳಿಕಳಿಸಿದ ಮೇಲೆ, ಶಿಡ್ಲಘಟ್ಟದಿಂದ ನಮ್ಮ ರೇಷ್ಮೆ ಗೂಡು ಕೊಳ್ಳೋರ ಮನೆಯಾಕೆ ಆಟೋ ತಂದು ಅವಳನ್ನ ಕರೆದುಕೊಂಡು ಹೋದರು. ಅವರ ಮನೆಯಲ್ಲಿ ನೂಲು ಬಿಚ್ಚೋ ಕೆಲಸ, ಮನೆಮಾತು ಉರ್ದು. "ಅಮಾನತ್ ಹೈ ಬೇಟಾ," ಅಂದರು ನನಗೆ. ಇನ್ನೊಬ್ಬರು ನಂಬಿ ಇಟ್ಟದ್ದು, ಇದ್ದ ಹಾಗೇ ಒಪ್ಪಿಸಬೇಕು ಅಂತ. ಹಾಗೇ ಒಪ್ಪಿಸಿದರು ಕೂಡ. ಪೇಪರೆಲ್ಲ ಆದ ಮೇಲೆ ಗಂಡ ಹೆಂಡತಿ ದೂರದ ಊರಿಗೆ ಹೋದರು. ಈಗ ಒಂದು ಮಗು ಇದೆ.

ಹೋದ ತಿಂಗಳು ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ನಾನೂ ನಮ್ಮವರ ಜೊತೆ ಹೋಗಿದ್ದೆ. ಎರಡು ಸಾಲು ಆಚೆ ಅವಳ ಅಣ್ಣ ನಿಂತಿದ್ದ, ಪಕ್ಕದಲ್ಲೇ ಮಾವ. ಮಂಡಿ ಮುಚ್ಚಿ ಮಾವ ಈಗ ಹುಳ ಸಾಕ್ತಾನಂತೆ, ಅದು ಅವನ ಮೊದಲನೇ ಬೆಳೆಯಂತೆ. ಅಣ್ಣ ನನ್ನನ್ನ ನೋಡಿ ಗುರುತೇ ಇಲ್ಲದವನ ಹಾಗೆ ಮುಖ ತಿರುಗಿಸಿದ. ಮಾವ ತಿರುಗಿಸಲಿಲ್ಲ. ಗೂಡಿನ ಮೇಲೆ ಕೈಯಿಟ್ಟುಕೊಂಡು, ಏನೋ ನೆನಪು ಮಾಡಿಕೊಳ್ಳೋನ ಹಾಗೆ ನನ್ನನ್ನೇ ನೋಡ್ತಿದ್ದ. ಈಗ ಅವನೂ ಆ ಸೊರಸೊರ ಸದ್ದು ಕೇಳಿದಾನೆ. ಜ್ವರದ ದಿನ ಶೆಡ್ಡು ಹೇಗೆ ಸುಮ್ಮನಿರುತ್ತೆ ಅಂತಾನೂ ನೋಡಿದಾನೆ.

ಇದನ್ನ ಬರೀಬೇಡ ಅಂದರು ನಮ್ಮವರು. ಕೆಲವನ್ನ ಬೇಕಂತಲೇ ಬದಲಾಯಿಸಿದೀನಿ. ಆವತ್ತಿಗಿಂತ ಈ ಸಲ ಸುಳ್ಳು ಸರಿಯಾಗಿ ಹೇಳಿದೀನಿ ಅಂದ್ಕೊಂಡಿದೀನಿ.

ನಿನ್ನೆ ಗೆಳತಿ ಫೋನ್ ಮಾಡಿದ್ದಳು. ಅಣ್ಣನಿಗೆ ಫೋನ್ ಮಾಡೋ ಧೈರ್ಯ ಅವಳಿಗೆ ಇವತ್ತಿಗೂ ಇಲ್ಲ, ನನ್ನನ್ನೇ ಕೇಳೋದು. "ಅಣ್ಣ ಎಲ್ಲಾದರೂ ಕಂಡನೇನೇ? ಹೇಗಿದಾನೆ?"

"ಚೆನ್ನಾಗಿದಾನೆ ಕಣೇ," ಅಂದೆ. ಮಾವ ಹುಳ ಸಾಕ್ತಿರೋ ವಿಷಯ ಹೇಳಲಿಲ್ಲ.